ಬೀಡಿ ಲೆಕ್ಕ ನಮ್ಮ ಕೈಯಲ್ಲಿ

ನಾವು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರು. 25 ಬೀಡಿಗೆ ಒಂದು ಕಟ್ಟು. 40 ಕಟ್ಟು ಆದರೆ ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ಕಟ್ಟುವವರು ನಾವು, ಲೆಕ್ಕ ಬರೆಯುವವರು ಬೇರೆ!

ಆ ಲೆಕ್ಕ ನಾವೇ ಕಂಪ್ಯೂಟರಿನಲ್ಲಿ ಇಡಬಹುದು. ಕಲಿಯಾಕ ಹಗಲೇ ಬೇಕಂತಿಲ್ಲ. ಬೀಡಿ ಕೊಟ್ಟು ಬಂದ ಮೇಲೆ ಒಂದು ತಾಸು ಕುಂತರೂ ಆದೀತು.

ಪರದೆಯ ಮೇಲೆ ಸಾಲು ಸಾಲು ಮನೆಗಳಿವೆ, ಪಗಡಿ ಹಾಸಿನಂತೆ. ಅಡ್ಡಸಾಲಿಗೆ 1, 2, 3 ಎಂದು ಹೆಸರು. ಉದ್ದಸಾಲಿಗೆ ಎ, ಬಿ, ಸಿ. ‘ಎ’ಯಲ್ಲಿ ವಾರ ಬರೆಯೋಣ. ‘ಬಿ’ಯಲ್ಲಿ ಕಟ್ಟಿದ ಬೀಡಿ. ‘ಸಿ’ಯಲ್ಲಿ ಸರಿಯಿಲ್ಲ ಅಂತ ತೆಗೆದ ಬೀಡಿ.

ಸೋಮವಾರ 700, ತೆಗೆದದ್ದು 50.
ಮಂಗಳವಾರ 650, ತೆಗೆದದ್ದು 40.
ಬುಧವಾರ 800, ತೆಗೆದದ್ದು 60.

‘ಬಿ’ ಸಾಲಿನ ಕೆಳಗಿನ ಮನೆಯಲ್ಲಿ =ಬಿ1+ಬಿ2+ಬಿ3 ಎಂದು ಬರೆಯಬೇಕು. ಈ ಅಕ್ಷರ ಮಾತ್ರ ಇಂಗ್ಲಿಷಿನವು. ತಟ್ಟನೆ 2150 ಬರುತ್ತದೆ. ‘ಸಿ’ ಸಾಲನ್ನೂ ಹಾಗೇ ಕೂಡಿಸಿದರೆ 150.

ಯಂತ್ರ ಕೂಡಿಸುತ್ತದೆ, ಆದರೆ ಬೀಡಿ ಎಣಿಸುವುದಿಲ್ಲ. 650 ಇದ್ದದ್ದು 560 ಅಂತ ಒತ್ತಿದರೆ 2060 ಅಂತದ. ನಮ್ಮ 90 ಬೀಡಿ ಹೋದವು! ಅದಕ್ಕೇ ವಹಿ ಪಕ್ಕದಲ್ಲಿ ಇಟ್ಟುಕೊಂಡು ತಾಳೆ ನೋಡ್ರಿ.

2150ರಲ್ಲಿ 150 ಕಳೆದರೆ 2000. ಎರಡು ಸಾವಿರದ ಮಜೂರಿ ಬರಬೇಕು. ಅಷ್ಟು ಬಂತೇನವ್ವಾ?