ಐದು ಜನ ನುಡಿಸುವುದನ್ನು ಒಬ್ಬರು ಬರೆಯುವುದು ಹೇಗೆ?

ಪ್ರಶ್ನೆ: ಪಾಶ್ಚಾತ್ಯ ಸಂಗೀತದಲ್ಲಿ ನಾಲ್ಕೈದು ಜನ ಕೂತು ನುಡಿಸುವ ಚೇಂಬರ್ ಮ್ಯೂಸಿಕ್ ಇದೆಯಲ್ಲ, ಅದರಲ್ಲಿ ಪ್ರತಿಯೊಬ್ಬರ ಸ್ವರವನ್ನೂ ಮೊದಲೇ ಬರೆದಿಟ್ಟಿರುತ್ತಾರಂತೆ. ಅಷ್ಟನ್ನೂ ಒಬ್ಬರೇ ಹೇಗೆ ಯೋಚಿಸುತ್ತಾರೆ? ಮೊದಲು ಮಟ್ಟು ಹೊಳೆದು, ಆಮೇಲೆ ವಾದ್ಯಗಳಿಗೆ ಹಂಚುತ್ತಾರೆಯೇ?

ಉತ್ತರ: ಹಾಗೆ ಹಂಚುವವರೂ ಇದ್ದಾರೆ. ಆದರೆ ಕಿವಿಯಲ್ಲಿ ಉಳಿಯುವ ಕೃತಿಗಳಲ್ಲಿ ಬಹುಪಾಲು ವಾದ್ಯದ ಗುಣವೇ ಮಟ್ಟನ್ನು ಹುಟ್ಟಿಸಿರುತ್ತದೆ. ಕೆಲವೊಮ್ಮೆ ಅದನ್ನು ನುಡಿಸುವ ಮನುಷ್ಯನೇ ಕಾರಣ.

ಜರ್ಮನ್ ರಚನೆಕಾರ ಬ್ರಾಮ್ಸ್ ಅವರನ್ನೇ ನೋಡಿ. 1890ರಲ್ಲಿ, ಐವತ್ತೇಳರ ವಯಸ್ಸಿಗೆ, ಇನ್ನು ಬರೆದದ್ದು ಸಾಕು ಎಂದು ನಿರ್ಧರಿಸಿಬಿಟ್ಟಿದ್ದರು. ಮರುವರ್ಷ ಮಾರ್ಚ್‌ನಲ್ಲಿ ಜರ್ಮನಿಯ ಮೈನಿಂಗೆನ್ ಆಸ್ಥಾನಕ್ಕೆ ಹೋದಾಗ ಅಲ್ಲಿನ ವಾದ್ಯವೃಂದದ ರಿಷರ್ಡ್ ಮ್ಯೂಲ್‌ಫೆಲ್ಡ್ ಕ್ಲಾರಿನೆಟ್ ನುಡಿಸುವುದನ್ನು ಕೇಳಿದರು. ಮ್ಯೂಲ್‌ಫೆಲ್ಡ್ ಮೊದಲು ಪಿಟೀಲು ವಾದಕರು, ಕ್ಲಾರಿನೆಟ್ ಆಮೇಲೆ ಸ್ವಂತವಾಗಿ ಕಲಿತದ್ದು. ಅದೇ ಬೇಸಿಗೆಯಲ್ಲಿ ಆಸ್ಟ್ರಿಯದ ಬಾಡ್ ಇಶ್ಲ್‌ನಲ್ಲಿ ಕೂತು ಬ್ರಾಮ್ಸ್ ಆ ವಾದ್ಯಕ್ಕೆಂದೇ ಎರಡು ಕೃತಿ ಬರೆದರು. ಅವುಗಳಲ್ಲೊಂದು ಕ್ಲಾರಿನೆಟ್ ಕ್ವಿಂಟೆಟ್: ಒಂದು ಕ್ಲಾರಿನೆಟ್, ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ.

ಈಗ ಅದರ ಮೊದಲ ಕೆಲವು ಕ್ಷಣ ಗಮನಿಸಿ. ಯಾರ ಸಲುವಾಗಿ ಕೃತಿ ಹುಟ್ಟಿತೋ ಆ ಕ್ಲಾರಿನೆಟ್ಟೇ ಸುಮ್ಮನಿದೆ! ಎರಡು ಪಿಟೀಲುಗಳು ಜೊತೆಯಾಗಿ ಒಂದು ಸುಳಿಯಂಥ ಮಾತು ಶುರುಮಾಡುತ್ತವೆ. ಸ್ವರನೆಲೆ ಯಾವುದೆಂದು ಅವು ಬಿಟ್ಟುಕೊಡುವುದಿಲ್ಲ. ವಿಯೋಲ, ಚೆಲ್ಲೊ ಸೇರಿಕೊಳ್ಳುತ್ತವೆ. ಕ್ಲಾರಿನೆಟ್ ಬರುವುದು ಐದನೆಯ ಆವರ್ತದಲ್ಲಿ, ಕೆಳಗಿನಿಂದ ಮೆಲ್ಲಗೆ ಮೇಲೇರುತ್ತ. ಕ್ಲಾರಿನೆಟ್‌ಗೆ ಕೆಳಸ್ಥಾಯಿಯಲ್ಲಿ ಒಂದು ಕಂಠ, ಮೇಲುಸ್ಥಾಯಿಯಲ್ಲಿ ಬೇರೆಯದೇ ಕಂಠ. ಆ ಒಂದೇ ಏರಿಕೆಯಲ್ಲಿ ಎರಡೂ ಕೇಳುತ್ತವೆ. ಇದೇ ಸಾಲನ್ನು ಪಿಟೀಲಿಗೆ ಕೊಟ್ಟಿದ್ದರೆ ಅದು ಬರೀ ಸ್ವರಗಳ ಮೆಟ್ಟಿಲಾಗುತ್ತಿತ್ತು. ಎರಡನೆಯ ಭಾಗದಲ್ಲಿ ತಂತಿವಾದ್ಯಗಳ ಕುದುರೆಗೆ ಮ್ಯೂಟ್ ಸಿಕ್ಕಿಸಿ ಅವುಗಳ ದನಿಯನ್ನೇ ಕುಗ್ಗಿಸಿಬಿಡುತ್ತಾರೆ. ಕ್ಲಾರಿನೆಟ್ ಹಂಗೇರಿಯ ಜಿಪ್ಸಿ ವಾದಕರ ಧಾಟಿಯಲ್ಲಿ ಬಿಡುಬೀಸಾಗಿ ಹರಿಯುತ್ತದೆ. ಕೇಳುವವರಿಗೆ ಮನೋಧರ್ಮ ಅನ್ನಿಸಬೇಕು. ಆದರೆ ಒಂದೊಂದು ಸ್ವರವೂ ಕಾಗದದ ಮೇಲಿದೆ.

ಹಾಗಾಗಿ ರಚನೆಕಾರನ ಮುಕ್ಕಾಲು ತಲೆನೋವು ಯಾರು ಏನು ನುಡಿಸಬೇಕು ಎನ್ನುವುದಲ್ಲ, ಯಾರು ಯಾವಾಗ ಸುಮ್ಮನಿರಬೇಕು ಎನ್ನುವುದು. ಐದು ಜನರೂ ಸದಾ ನುಡಿಸುತ್ತಿದ್ದರೆ ಅದು ಸಂತೆ.

ಐದು ಸಾಲುಗಳನ್ನು ಒಟ್ಟಿಗೆ ಯೋಚಿಸುವುದಕ್ಕೂ ಒಂದು ಕ್ರಮವಿದೆ. ಶಿಷ್ಯ ಗುಸ್ಟಾವ್ ಯೆನ್ನರ್ ಹಾಡು ಬರೆದು ತಂದಾಗ ಬ್ರಾಮ್ಸ್ ನಡುವಿನ ಸಾಲನ್ನು ಕೈಯಿಂದ ಮುಚ್ಚಿ, ಹಾಡಿನ ಸಾಲು ಮತ್ತು ತಳದ ಸ್ವರ ಎರಡನ್ನೇ ಓದುತ್ತಿದ್ದರಂತೆ. ಆ ಎರಡು ಗಟ್ಟಿಯಾಗಿ ನಿಂತರೆ ನಡುವಿನದನ್ನು ತುಂಬುವುದು ಕಸುಬಿನ ಮಾತು. ಕಸುಬು ಅಂದರೆ ಸುಲಭ ಅಂತಲ್ಲ. ತಮಗೆ ಒಪ್ಪಿಗೆಯಾಗದ ಹಸ್ತಪ್ರತಿಗಳನ್ನು ಬ್ರಾಮ್ಸ್ ನಿರ್ದಾಕ್ಷಿಣ್ಯವಾಗಿ ನಾಶಮಾಡುತ್ತಿದ್ದರು; ಅವರ ಮೊದಲ ಎರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳು ಅಚ್ಚಾದದ್ದು ನಲವತ್ತರ ವಯಸ್ಸಿನಲ್ಲಿ, 1873ರಲ್ಲಿ.

ಎಷ್ಟು ಕಾಲ ಹಿಡಿಯುತ್ತದೆ ಎನ್ನುವುದಕ್ಕೆ ಲೆಕ್ಕವಿಲ್ಲ. ನಮ್ಮ ಜಯಚಾಮರಾಜ ಒಡೆಯರು ಲಂಡನ್ನಿನಲ್ಲಿದ್ದ ರಷ್ಯದ ರಚನೆಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟದ್ದನ್ನು ಮೈಸೂರಿನವರು ಈಗಲೂ ನೆನೆಯುತ್ತಾರೆ. ಆ ಮೆಟ್ನರ್ ಯೌವನದಲ್ಲಿ ಶುರುಮಾಡಿದ ಪಿಯಾನೊ ಕ್ವಿಂಟೆಟ್ ಮುಗಿದದ್ದು 1949ರಲ್ಲಿ. ಎರಡು ವರ್ಷಕ್ಕೆ ಅವರೇ ತೀರಿಕೊಂಡರು.

ಬ್ರಾಮ್ಸ್ ಅವರ ಕ್ವಿಂಟೆಟ್ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗುತ್ತದೆ, ಮುಕ್ಕಾಲು ಗಂಟೆಯೂ ಆಗದು. ಒಮ್ಮೆ ಸುಮ್ಮನೆ ಕೇಳಿ. ಎರಡನೆಯ ಸಲ ಕ್ಲಾರಿನೆಟ್ ಬಿಟ್ಟು ವಿಯೋಲದ ಬೆನ್ನು ಹತ್ತಿ. ನಿಮ್ಮ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅದು ಉತ್ತರ ಹೇಳುತ್ತದೆ.