ಮುಖ್ಯಸ್ಥರ ಶಿಕ್ಷಣದಲ್ಲಿ ಚಲನಚಿತ್ರ

ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಜನಸಾಗರವೇ ಏರಿ ಬರುತ್ತದೆ. ದಾಸೋಹ, ಕುಡಿಯುವ ನೀರು, ದರ್ಶನದ ಸಾಲು, ಇವುಗಳಲ್ಲಿ ಒಂದೊಂದಕ್ಕೂ ಒಬ್ಬೊಬ್ಬ ಮೇಲ್ವಿಚಾರಕ ಬೇಕು. ನಿನ್ನೆ ಬಡಿಸುತ್ತಿದ್ದವನು ಇಂದು ಬಡಿಸುವವರ ಮುಖಂಡ. ಶಾಲೆಗಳಲ್ಲಿಯೂ ಗಣಿತವನ್ನು ಚೆನ್ನಾಗಿ ಕಲಿಸಿದವರು ಒಂದು ದಿನ ಮುಖ್ಯೋಪಾಧ್ಯಾಯರಾಗುತ್ತಾರೆ. ತನ್ನ ಕೆಲಸ ಬಲ್ಲವನಿಗೆ ಇತರರಿಂದ ಕೆಲಸ ಮಾಡಿಸುವ ವಿದ್ಯೆಯೂ ತಾನಾಗಿಯೇ ಬರುವುದೆಂಬ ನಂಬಿಕೆ ಎಲ್ಲೆಡೆಯೂ ಇದೆ. ಅನುಭವ ಹಾಗೆ ಹೇಳುವುದಿಲ್ಲ.

ಈ ಕೊರತೆಯನ್ನು ಕಿರುಚಿತ್ರಗಳಿಂದ ತುಂಬಲು 1972ರಲ್ಲಿ ಲಂಡನ್ನಿನಲ್ಲಿ ವಿಡಿಯೋ ಆರ್ಟ್ಸ್ ಎಂಬ ಸಂಸ್ಥೆ ಹುಟ್ಟಿತು. ಬರಹಗಾರ ಆಂಟನಿ ಜೇ, ಹಾಸ್ಯನಟ ಜಾನ್ ಕ್ಲೀಸ್ ಅದರ ಸ್ಥಾಪಕರಲ್ಲಿ ಪ್ರಮುಖರು. ಅನೇಕ ಪ್ರಶಸ್ತಿಗಳನ್ನು ಗಳಿಸಿದ ಈ ಚಿತ್ರಗಳ ಮರ್ಮ ಸರಳವಾದುದು. ನೇರವಾಗಿ ತಿದ್ದಹೊರಟರೆ ಅಧಿಕಾರಿ ಮುನಿಯುತ್ತಾನೆ. ಪರದೆಯ ಮೇಲೆ ಮತ್ತೊಬ್ಬನ ತಪ್ಪಿಗೆ ನಗುತ್ತ ತನ್ನದನ್ನು ತಾನೇ ಗುರುತಿಸಿಕೊಳ್ಳುತ್ತಾನೆ.

1976ರ ‘ಮೀಟಿಂಗ್ಸ್, ಬ್ಲಡಿ ಮೀಟಿಂಗ್ಸ್’ ಇದಕ್ಕೆ ಉತ್ತಮ ನಿದರ್ಶನ. (ಹೆಸರಿನಲ್ಲಿರುವ ಸಣ್ಣ ಬೈಗುಳವನ್ನು ಮನ್ನಿಸಬೇಕು.) ದಿನವೆಲ್ಲ ಸಭೆಗಳಲ್ಲಿ ಕಳೆದು, ಕಡತಗಳನ್ನು ಮನೆಗೆ ಹೊತ್ತು ತರುವ ಅಧಿಕಾರಿಯೊಬ್ಬ ಕನಸಿನಲ್ಲಿ ನ್ಯಾಯಾಲಯದ ಕಟಕಟೆಯಲ್ಲಿ ನಿಂತಿರುತ್ತಾನೆ. ಆರೋಪಿಯೂ ಕ್ಲೀಸ್, ನ್ಯಾಯಾಧೀಶನೂ ಕ್ಲೀಸ್! ಸಭೆಯ ಉದ್ದೇಶವನ್ನು ಮೊದಲೇ ಯೋಚಿಸಲಿಲ್ಲ, ಸದಸ್ಯರಿಗೆ ವಿಷಯ ತಿಳಿಸಲಿಲ್ಲ, ವಿಷಯಗಳನ್ನು ಕ್ರಮವಾಗಿ ಜೋಡಿಸಲಿಲ್ಲ, ಚರ್ಚೆಯನ್ನು ಹಿಡಿತದಲ್ಲಿಡಲಿಲ್ಲ, ತೀರ್ಮಾನವನ್ನು ಬರೆದಿಡಲಿಲ್ಲ ಎಂಬಿವು ಅವನ ಅಪರಾಧಗಳು. ವಾರ್ಷಿಕೋತ್ಸವದ ಶಾಮಿಯಾನದ ಬಾಡಿಗೆಗೆ ಒಂದು ತಾಸು ಸಂದು, ಹಿಂದುಳಿದ ಮಕ್ಕಳ ಓದಿನ ಪ್ರಸ್ತಾಪ ಎಲ್ಲರೂ ಏಳುವ ಹೊತ್ತಿಗೆ ಬರುವ ಶಿಕ್ಷಕರ ಸಭೆಯನ್ನು ಕಂಡವರಿಗೆ ಆ ಮೂರನೆಯ ಆರೋಪವನ್ನು ವಿವರಿಸಬೇಕಾಗಿಲ್ಲ.

ಆದರೆ ಕಚೇರಿಯ ಹಾಸ್ಯ ಹಳ್ಳಿಯ ಎಲ್ಲ ತೊಡಕುಗಳನ್ನೂ ಮುಟ್ಟುವುದಿಲ್ಲ. ಅದಕ್ಕೆ ಅದೇ 1976ರ ಹಿಂದಿ ಚಿತ್ರ ‘ಮಂಥನ್’ ಹೆಚ್ಚು ಉಪಯುಕ್ತ. ಇದು ಕಿರುಚಿತ್ರವಲ್ಲ, ತರಬೇತಿಗೆಂದೇ ತೆಗೆದದ್ದೂ ಅಲ್ಲ. ಶ್ಯಾಮ್ ಬೆನೆಗಲ್ ನಿರ್ದೇಶಿಸಿದ ಇದಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ನೀಡಿದರು. ಅತ್ಯುತ್ತಮ ಹಿಂದಿ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಮೇಲೆಯೂ, ಸಹಕಾರ ಸಂಘಗಳನ್ನು ಕಟ್ಟಲು ಹೊರಟವರು ಇದನ್ನು ಹಳ್ಳಿಗಳಲ್ಲಿ ತೋರಿಸಿದರು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಹಾಲಿನ ಸಂಘಗಳವರಿಗೆ ಕಥೆ ಅಪರಿಚಿತವೆನಿಸದು.

ಕನ್ನಡಿಗರೇ ಆದ ಗಿರೀಶ ಕಾರ್ನಾಡರು ಇಲ್ಲಿ ಪಶುವೈದ್ಯ ಡಾ. ರಾವ್. ಸದುದ್ದೇಶವುಳ್ಳವನು, ಪ್ರಾಮಾಣಿಕ, ಆದರೂ ಊರಿನ ಜಾತಿಯ ಬಿರುಕು ಅವನ ಲೆಕ್ಕವನ್ನು ಮತ್ತೆ ಮತ್ತೆ ತಪ್ಪಿಸುತ್ತದೆ. ಕೊನೆಗೆ ಅವನು ಊರು ಬಿಡುತ್ತಾನೆ. ಸಂಘವನ್ನು ಮುಂದಕ್ಕೆ ಒಯ್ಯುವವನು, ಮೊದಲು ಅವನನ್ನು ನಂಬದೆ ಸಿಡುಕುತ್ತಿದ್ದ ದಲಿತ ತರುಣ ಭೋಲಾ.

ಶಿಬಿರದಲ್ಲಿ ಚಿತ್ರ ಮುಗಿದೊಡನೆ ವಂದನಾರ್ಪಣೆಗೆ ಏಳಬಾರದು. ಭೋಲಾನ ಕೈಗೆ ಯಾವ ಕೆಲಸವನ್ನು ರಾವ್ ಇನ್ನೂ ಮೊದಲೇ ಒಪ್ಪಿಸಬಹುದಿತ್ತೆಂದು ಕೇಳಿ ಕಾಯಬೇಕು. ಉತ್ತರ ಬರಲು ಹೊತ್ತು ಹಿಡಿಯುತ್ತದೆ. ಮುಖ್ಯೋಪಾಧ್ಯಾಯರು ತಾವೇ ಮೊದಲು ಉತ್ತರಿಸಿಬಿಟ್ಟರೆ ಕಿರಿಯ ಶಿಕ್ಷಕರು ಬಾಯಿ ತೆರೆಯುವುದಿಲ್ಲ.