ಬೇಲಿಯ ಆಚೆ ಬದಿ

ಮಗಾ,

ಮೊನ್ನೆ ಕಣಕಟ್ಟೆ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ನೀನು ಅವಸರದಲ್ಲೇ ಒಂದು ಮಾತು ಹೇಳಿ ಬೈಕ್ ಹತ್ತಿದೆ. ‘ದೊಡ್ಡಪ್ಪ, ಹಿತ್ತಲಿಗೆ ಕರೆಂಟ್ ಬೇಲಿ ಹಾಕ್ತಿದೀನಿ, ಇನ್ಮೇಲೆ ಒಂದು ಕೋಳಿಮರಿನೂ ಹೋಗಲ್ಲ.’ ಮನೆಗೆ ಬಂದ ಮೇಲೆ ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೇಸರಪಡದೆ ಪೂರ್ತಿ ಓದು. ನಿನ್ನ ಹೆಂಡತಿಗೂ ಓದಿಸು, ಹಗಲೆಲ್ಲ ಹಿತ್ತಲಲ್ಲಿ ಇರುವವಳು ಅವಳು.

ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ನಾಯಿ ಹಿಂಡು ರೊಪ್ಪಕ್ಕೆ ನುಗ್ಗಿ ಎರಡು ಕುರಿಮರಿ ಹರಿದುಹಾಕಿದ ಬೆಳಿಗ್ಗೆ ನಾನೂ ಬಂದು ನೋಡಿದ್ದೆ. ತಾಯಿಕುರಿ ಕೆಚ್ಚಲು ಬಿಗಿದುಕೊಂಡು ಅರಚುತ್ತಾ ನಿಂತಿತ್ತು. ಹಿತ್ತಲಿನಾಚೆ ಹಾಕಿದ ಶೇಂಗಾವನ್ನು ಹಂದಿ ಉತ್ತಿಟ್ಟು ಹೋಗಿತ್ತು. ಗುಡ್ಡದ ಕಡೆಯಿಂದ ಚಿರತೆ ಬರುತ್ತದೆ. ಕರಡಿಯಂತೂ ನಮಗೆ ಹೊಸದಲ್ಲ, ಅರಸೀಕೆರೆ ಕರಡಿ ವನ್ಯಜೀವಿಧಾಮ ಇರುವುದೇ ನಮ್ಮ ತಾಲ್ಲೂಕಿನಲ್ಲಿ. ಪ್ರಾಣಿ ಸಾಕಿದವನು ಬೇಲಿ ಹಾಕಬೇಕು, ಅದರಲ್ಲಿ ತಪ್ಪಿಲ್ಲ. ನಾನು ಕೇಳುವುದು ಒಂದೇ: ಆ ಬೇಲಿಗೆ ಕರೆಂಟು ಎಲ್ಲಿಂದ ಬರುತ್ತದೆ?

ಮೂವತ್ತು ವರ್ಷಕ್ಕೂ ಮೇಲೆ ಲೈನ್‌ಮನ್ ಆಗಿ ಕಂಬ ಹತ್ತಿದವನು ನಾನು. ‘ಕರೆಂಟ್ ಬೇಲಿ’ ಅನ್ನುವ ಒಂದೇ ಹೆಸರಿನಲ್ಲಿ ನಮ್ಮ ಜನ ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತಾರೆ. ಒಂದು ಝಟ್ಕಾ ಯಂತ್ರದ ಬೇಲಿ. ಸೋಲಾರ್ ಬೇಲಿ ಅನ್ನುತ್ತೇವೆ, ಕೊಡಗು ಮಲೆನಾಡಿನ ಕಡೆ ಐಬೆಕ್ಸ್ ಬೇಲಿ ಅನ್ನುತ್ತಾರೆ. ಇನ್ನೊಂದು ಮನೆಯ ಬೋರ್ಡಿನಿಂದಲೋ ಪಂಪ್‌ಸೆಟ್ ಸ್ಟಾರ್ಟರಿನಿಂದಲೋ ಒಂದೆಳೆ ಫೇಸ್ ಎಳೆದು ರಾತ್ರಿ ತಂತಿಗೆ ಸಿಕ್ಕಿಸುವುದು. ಮೊದಲನೆಯದು ಬೇಲಿ. ಎರಡನೆಯದು ಕೊಲ್ಲುವ ಉರುಲು.

ಝಟ್ಕಾ ಯಂತ್ರದ ಪಕ್ಕ ಕಿವಿಗೊಟ್ಟು ನಿಂತರೆ ಟಕ್, ಟಕ್ ಎಂದು ಗಡಿಯಾರದ ಹಾಗೆ ಸದ್ದು ಬರುತ್ತದೆ. ಸೆಕೆಂಡಿಗೊಂದು ಏಟು. ವೋಲ್ಟೇಜು ಐದು ಸಾವಿರದಿಂದ ಹತ್ತು ಸಾವಿರದವರೆಗೆ ಇರಬಹುದು, ಆದರೆ ಆ ಏಟು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಉಳಿಯುವುದಿಲ್ಲ. ಎರಡು ಏಟಿನ ನಡುವೆ ತಂತಿ ಸತ್ತಿರುತ್ತದೆ. ಮುಟ್ಟಿದ ನಾಯಿ ಕುಂಯ್ ಎಂದು ಹಿಂದಕ್ಕೆ ಹಾರುತ್ತದೆ, ಹಾರಲು ಅದಕ್ಕೆ ಬಿಡುವೂ ಇರುತ್ತದೆ. ಒಂದು ಏಟಿನ ಶಕ್ತಿ 5 ಜೌಲ್ ಮೀರಬಾರದು ಎಂದು ನಿಯಮವೇ ಇದೆ. ಕೊಳ್ಳುವಾಗ ಡಬ್ಬದ ಮೇಲೆ ಐಎಸ್ 302-2-76 ಅಥವಾ ಐಇಸಿ 60335-2-76 ಎಂದು ಬರೆದಿದೆಯೇ ನೋಡು. ಬರೆದಿಲ್ಲದ್ದನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡ.

ಮನೆಯ ಕರೆಂಟು 230 ವೋಲ್ಟು. ಸಾವಿರಗಟ್ಟಲೆ ವೋಲ್ಟಿನ ಮುಂದೆ ಅದು ಚಿಕ್ಕದು ಅನಿಸುತ್ತದೆ, ಮೋಸ ಹೋಗುವುದು ಅಲ್ಲೇ. ಅದಕ್ಕೆ ಬಿಡುವಿಲ್ಲ. ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಹರಿಯುತ್ತಲೇ ಇರುತ್ತದೆ. ಹಿಡಿದ ಕೈ ಮುಷ್ಟಿ ಕಟ್ಟಿಕೊಳ್ಳುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಆಂಪಿಯರಿನ ಹತ್ತರಲ್ಲೊಂದು ಪಾಲು ಎದೆಯ ಮೂಲಕ ಹಾದರೆ ಗುಂಡಿಗೆ ಲಯ ತಪ್ಪಿ ಅದುರಲು ಸಾಕು. ‘ಫ್ಯೂಸ್ ಹೋಗುತ್ತಲ್ಲ’ ಅನ್ನುತ್ತಾರೆ. ಐದು ಆಂಪಿಯರಿನ ಫ್ಯೂಸು ಹತ್ತರಲ್ಲೊಂದು ಆಂಪಿಯರಿಗೆ ಯಾಕೆ ಹೋದೀತು? ಹೆಣ ಬಿದ್ದಿರುತ್ತದೆ, ಫ್ಯೂಸು ಕೆಂಪಗೂ ಆಗಿರುವುದಿಲ್ಲ.

ಇನ್ನೊಂದು ಬುದ್ಧಿವಂತಿಕೆ ನಮ್ಮ ಕಡೆ ಓಡಾಡುತ್ತಿದೆ. ನಡುವೆ ಒಂದು ಬಲ್ಬು ಹಾಕಿ ತಂತಿಗೆ ಕೊಟ್ಟರೆ ಕರೆಂಟು ಕಡಿಮೆಯಾಗುತ್ತದೆ, ಬರೀ ಜುಮ್ ಅನ್ನುತ್ತದೆ ಎಂಬುದು. ಲೆಕ್ಕ ನೀನೇ ಹಾಕು, ಐಟಿಐ ಓದಿದವನು. 60 ವ್ಯಾಟಿನ ಬಲ್ಬಿನಲ್ಲಿ ಕಾಲು ಆಂಪಿಯರ್ ಹರಿಯುತ್ತದೆ. ಕೊಲ್ಲಲು ಬೇಕಾದದ್ದಕ್ಕಿಂತ ಅದು ಎರಡು ಪಟ್ಟು ಹೆಚ್ಚು. ಯಾರಾದರೂ ಈ ಉಪಾಯ ಹೇಳಿಕೊಟ್ಟರೆ ಅವರನ್ನೂ ಕೂರಿಸಿ ಈ ಲೆಕ್ಕ ತೋರಿಸು.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಇದುವರೆಗೆ ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ಕೆಲಸದಲ್ಲಿದ್ದ ಕಾಲ. ಊರು ಯಾವುದೆಂದು ಬೇಡ. ರೀಡಿಂಗಿಗೆ ಹೋದವನು ಒಂದು ಮನೆಯ ಹಿಂಬದಿಯಲ್ಲಿ ಕೆಂಪು ವೈರೊಂದು ಕೊಟ್ಟಿಗೆಯ ಸೂರಿನ ಗುಂಟ ಹೋಗಿ ಮುಳ್ಳುತಂತಿಯ ಹತ್ತಿರ ಸುರುಳಿ ಸುತ್ತಿ ಕೂತಿರುವುದನ್ನು ಕಂಡೆ. ತುದಿಯ ಪ್ಲಾಸ್ಟಿಕ್ಕು ಸುಲಿದಿತ್ತು. ಏನೆಂದು ಗೊತ್ತಾಯಿತು. ಮನೆಯವನು ದೂರದ ನೆಂಟ. ‘ಹುಷಾರಪ್ಪಾ’ ಎಂದಷ್ಟೇ ಹೇಳಿ, ಕೊಟ್ಟ ಕಾಫಿ ಕುಡಿದು ಬಂದೆ. ಎಂಟು ದಿನಕ್ಕೆ, ಇನ್ನೂ ಇಬ್ಬನಿ ಆರದ ಹೊತ್ತಿನಲ್ಲಿ, ಲೈನ್ ಆಫ್ ಮಾಡಿಸಿ ಎಂದು ಓಡಿಬಂದರು. ಹೋಗಿ ನೋಡಿದರೆ ಬೇಲಿಯ ಗುಂಟ ಅವನದೇ ಎತ್ತು ಬಿದ್ದಿತ್ತು. ರಾತ್ರಿ ಹಗ್ಗ ಕಿತ್ತುಕೊಂಡು ಬಂದಿತ್ತಂತೆ. ಅದನ್ನು ಎಬ್ಬಿಸಲು ಹೋದ ಪಕ್ಕದ ಮನೆಯ ಹುಡುಗ, ಹದಿನಾಲ್ಕೋ ಹದಿನೈದೋ, ಎತ್ತಿನ ಕೊರಳ ಮೇಲೆ ಕೈಯಿಟ್ಟುಕೊಂಡೇ ಮಲಗಿದ್ದ. ಅವನ ಪಾದಗಳಿಗೆ ಒದ್ದೆ ಮಣ್ಣು ಮೆತ್ತಿತ್ತು. ಅವತ್ತು ಆ ವೈರು ಕಿತ್ತು ಬರುವ ಅಧಿಕಾರ ನನಗಿತ್ತು, ಕೈಯಲ್ಲಿ ಕಟಿಂಗ್ ಪ್ಲೇಯರ್ ಇತ್ತು. ನೆಂಟಸ್ತಿಕೆ ನೋಡಿ ಸುಮ್ಮನೆ ಬಂದೆ. ನಿನ್ನ ಹತ್ತಿರ ಮತ್ತೆ ಸುಮ್ಮನಿರಲಾರೆ.

ಸೋಲಾರ್ ಬೇಲಿಯೇ ಹಾಕುತ್ತೇನೆ ಅಂದರೆ ಸಂತೋಷ. ಆದರೆ ಅದಕ್ಕೂ ಮನೆ ಕರೆಂಟು ನುಸುಳುವ ದಾರಿಗಳಿವೆ. 2024ರ ಜೂನ್‌ನಲ್ಲಿ ಎಚ್.ಡಿ. ಕೋಟೆ ಕಡೆಯ ಭೀಮನಕಟ್ಟೆ ಶಿಬಿರದಲ್ಲಿ ದಸರಾ ಆನೆ ಅಶ್ವತ್ಥಾಮ ಸೋಲಾರ್ ಬೇಲಿ ತಾಗಿ ಸತ್ತದ್ದು ನೆನಪಿದೆಯಾ? ನಮ್ಮ ಹಾಸನ ಜಿಲ್ಲೆಯಲ್ಲೇ ಸೆರೆಸಿಕ್ಕಿದ್ದ ಆನೆ ಅದು. ಹೈಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಝಟ್ಕಾ ಏಟಿಗೆ ಆನೆ ಸಾಯುವುದಿಲ್ಲ ಮಗಾ. ಸೋಲಾರ್ ಬೇಲಿಯಲ್ಲಿ ಸಾವು ಎಂದು ಕೇಳಿದಾಗಲೆಲ್ಲ ಲೈನಿನ ಕರೆಂಟು ತಂತಿಗೆ ಹೇಗೆ ಬಂತು ಎಂದು ಹುಡುಕಬೇಕು. ನಿನ್ನ ಹಿತ್ತಲಲ್ಲಿ ಅದಕ್ಕೆ ಎರಡು ದಾರಿ ನನಗೆ ಕಾಣುತ್ತವೆ. ಕಂಬದಿಂದ ಮನೆಗೆ ಬರುವ ಸರ್ವೀಸ್ ವೈರು ತೆಂಗಿನ ಸಾಲಿನ ಕೆಳಗೇ ಹಾದಿದೆ. ಒಂದು ಒಣಗರಿ ಮಟ್ಟೆ ಸಮೇತ ಬಿದ್ದರೆ ಅದನ್ನು ಎಳೆದುಕೊಂಡು ಬಂದು ಬೇಲಿಯ ಮೇಲೆ ಹಾಕುತ್ತದೆ. ಆದ್ದರಿಂದ ಬೇಲಿ ಆ ವೈರಿನ ಕೆಳಗೆ ಹೋಗಬಾರದು, ಕಂಬಕ್ಕಾಗಲಿ ಸ್ಟೇ ತಂತಿಗಾಗಲಿ ಕಟ್ಟಲೇಬಾರದು. ಎರಡನೆಯದು ಬ್ಯಾಟರಿ. ಮೋಡ ಕವಿದ ದಿನ ಚಾರ್ಜಿಲ್ಲ ಎಂದು ಮನೆಯ ಪ್ಲಗ್ಗಿನಿಂದ ಚಾರ್ಜರ್ ಹಚ್ಚುತ್ತಾರೆ. ಚಾರ್ಜರ್ ಅಗ್ಗದ್ದಾದರೆ, ಯಂತ್ರ ಬೇಲಿಗೆ ಸೇರಿಕೊಂಡೇ ಇದ್ದರೆ, 230 ವೋಲ್ಟು ನೇರ ತಂತಿಗೆ ನಡೆದುಹೋಗಬಹುದು. ಬ್ಯಾಟರಿಯನ್ನು ಯಂತ್ರದಿಂದ ಬಿಚ್ಚಿ, ಒಳಗೆ ತಂದು, ಆಮೇಲೆ ಚಾರ್ಜಿಗೆ ಹಾಕು.

ಅದಕ್ಕೂ ಮೊದಲು ಇನ್ನೊಂದು ವಿಚಾರ. ಕೋಳಿಗೆ ಕರೆಂಟು ಬೇಕೇ? ಬೇಡ ಅಂತಲೇ ನನ್ನ ಅಭಿಪ್ರಾಯ. ಹತ್ತು ಹದಿನೈದು ನಾಟಿಕೋಳಿಗೆ ಕಲ್ಲಿನ ತಳ, ಒತ್ತಾದ ಜಾಲರಿ, ಸಂಜೆ ಮುಚ್ಚುವ ಬಾಗಿಲು ಸಾಕು. ಮುಂಗುಸಿಯೂ ಕಾಡುಬೆಕ್ಕೂ ಅಲ್ಲಿಗೇ ನಿಲ್ಲುತ್ತವೆ. ಚಿರತೆಗೆ ಐದಡಿ ಬೇಲಿ ಲೆಕ್ಕವೇ ಅಲ್ಲ, ಮರ ಹತ್ತಿ ಒಳಗೆ ಇಳಿಯುತ್ತದೆ. ಕುರಿಗಳು ರಾತ್ರಿ ಸೂರಿರುವ, ನಾಲ್ಕೂ ಕಡೆ ಮುಚ್ಚಿದ ರೊಪ್ಪದಲ್ಲಿರಬೇಕು, ಹೊರಗೊಂದು ದೀಪವಿರಬೇಕು. ಝಟ್ಕಾ ಬೇಲಿ ನಿಜಕ್ಕೂ ಕೆಲಸಕ್ಕೆ ಬರುವುದು ನಾಯಿಗೆ, ಹಂದಿಗೆ, ಬೇರೆಯವರ ಸೊಪ್ಪಿಗೆ ನುಗ್ಗುವ ನಿನ್ನ ಮೇಕೆಗಳಿಗೆ. ಈ ಬೇಲಿ ಹುಟ್ಟಿದ ಕಥೆಯೂ ಹಾಗೇ ಇದೆ. 1930ರ ದಶಕದಲ್ಲಿ ನ್ಯೂಜಿಲೆಂಡಿನ ಬಿಲ್ ಗ್ಯಾಲಗರ್ ಎಂಬ ರೈತನ ಕುದುರೆ ಬಂದು ಬಂದು ಅವನ ಕಾರಿಗೆ ಮೈ ಉಜ್ಜುತ್ತಿತ್ತಂತೆ. ಅದು ತಾಗಿದರೆ ಸಣ್ಣ ಏಟು ಬೀಳುವ ಹಾಗೆ ಮಾಡಿದ, ಕುದುರೆ ಆ ಚಟ ಬಿಟ್ಟಿತು. ಸಾಕಿದ ಪ್ರಾಣಿಗೆ ಗಡಿ ಕಲಿಸುವುದಕ್ಕೆ ಬಂದ ವಿದ್ಯೆ ಅದು.

ಗಡಿ ಕಲಿಸುವುದನ್ನು ಹಗಲಲ್ಲಿ ಮಾಡು, ನೀನು ಪಕ್ಕದಲ್ಲಿ ನಿಂತು ಮಾಡು. ಕುರಿಯ ಉಣ್ಣೆ ಕರೆಂಟನ್ನು ತಡೆಯುತ್ತದೆ. ಮೂಗು ತಾಗಿದರೆ ಮಾತ್ರ ಅದಕ್ಕೆ ಬುದ್ಧಿ ಬರುತ್ತದೆ, ಆದ್ದರಿಂದ ಒಂದು ತಂತಿ ಮೂಗಿನ ಎತ್ತರಕ್ಕಿರಲಿ. ನೆಲದಿಂದ ಒಂದು ಗೇಣಿಗೆ ಕೆಳಗಿನ ತಂತಿ ಬರಬೇಕು, ನಾಯಿಯೂ ಹಂದಿಯೂ ನುಸುಳುವುದು ಅಲ್ಲೇ. ಜಾಲರಿಗೆ ಏಟು ಕೊಡುವುದು ಬೇಡ. ಕೊಂಬಿರುವ ಹೋತ ತಲೆ ತೂರಿಸಿ ಸಿಕ್ಕಿಕೊಂಡರೆ ಸೆಕೆಂಡಿಗೊಂದರಂತೆ ರಾತ್ರಿಯಿಡೀ ಏಟು ತಿನ್ನುತ್ತದೆ. ಮುಳ್ಳುತಂತಿಗಂತೂ ಯಾವ ಯಂತ್ರವನ್ನೂ ಸೇರಿಸಬೇಡ, ಕಾರಣ ಅದೇ. ನುಣುಪಾದ ಜಿಐ ತಂತಿಯೇ ಆಗಬೇಕು.

ಅರ್ಥಿಂಗ್ ಬಗ್ಗೆ ಸ್ವಲ್ಪ ತಾಳ್ಮೆಯಿಂದ ಕೇಳು, ನಮ್ಮ ಸೀಮೆಯಲ್ಲಿ ಎಲ್ಲ ಅನಾಹುತ ಶುರುವಾಗುವುದು ಇಲ್ಲಿಂದ. ಏಟು ತಂತಿಯಿಂದ ಪ್ರಾಣಿಯ ಮೈಗೆ, ಮೈಯಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥ್ ಸರಳಿನ ಮೂಲಕ ಯಂತ್ರಕ್ಕೆ ಮರಳಬೇಕು. ಶಿವರಾತ್ರಿ ಕಳೆದು ಯುಗಾದಿ ಬರುವ ಹೊತ್ತಿಗೆ ಕಣಕಟ್ಟೆಯ ಮಣ್ಣು ಹೆಂಚಿನ ಹಾಗೆ ಒಣಗಿರುತ್ತದೆ. ಏಟು ಮರಳುವುದಿಲ್ಲ, ನಾಯಿ ಹೆದರುವುದಿಲ್ಲ. ಆಗ ‘ಈ ಯಂತ್ರ ಡಬ್ಬಾ’ ಎಂದು ಬೈದು ಮನೆ ಕರೆಂಟು ಕೊಡುತ್ತಾರೆ. ಯಂತ್ರದ ತಪ್ಪಲ್ಲ ಅದು. ಆಳಾಳುದ್ದದ ಮೂರು ಸರಳು, ಹತ್ತಡಿಗೊಂದರಂತೆ ಹೊಡೆ. ಬಚ್ಚಲ ನೀರು ಹೋಗುವ ತೆಂಗಿನ ಬುಡ ಇದೆಯಲ್ಲ, ಅದಕ್ಕಿಂತ ಒಳ್ಳೆ ಜಾಗ ಬೇಡ. ಆದರೆ ಮನೆಯ ಅರ್ಥ್ ಗುಂಡಿಯಿಂದ ಮೂವತ್ತು ನಲವತ್ತು ಅಡಿ ದೂರವಿರಲಿ, ಎರಡೂ ಸೇರಬಾರದು. ತಂತಿಗೆ ಹುಲ್ಲು ತಾಗದಂತೆ ಹದಿನೈದು ದಿನಕ್ಕೊಮ್ಮೆ ಕುಡುಗೋಲಾಡಿಸು. ಮುಂಗಾರಿನ ಗುಡುಗು ಕಂಡರೆ ಯಂತ್ರವನ್ನು ಬೇಲಿಯಿಂದ ಬಿಚ್ಚಿಡು.

ಈಗ ನೆರೆಮನೆಯ ಮಾತು. ಬೇಲಿಯ ಖರ್ಚು ನಿನ್ನದು, ಕಲ್ಲುಕಂಬ ನಿನ್ನದು, ಆದರೆ ಅದರ ಆಚೆ ಬದಿ ಮುಟ್ಟುವವರು ಬೇರೆ. ಪಕ್ಕದ ಮನೆಯ ಅಜ್ಜಿ ನೀನು ಹುಟ್ಟುವ ಮೊದಲಿಂದಲೂ ಒಗೆದ ಸೀರೆಯನ್ನು ಆ ತಂತಿಯ ಮೇಲೇ ಹರವುತ್ತಾ ಬಂದಿದ್ದಾಳೆ. ಬರಿಗಾಲು, ಒದ್ದೆ ಕೈ, ಒದ್ದೆ ಸೀರೆ. ನಿಮ್ಮಮ್ಮ ಮಜ್ಜಿಗೆ ಚೊಂಬು ದಾಟಿಸುತ್ತಿದ್ದದ್ದೂ ಅಲ್ಲಿಂದಲೇ. ಮಕ್ಕಳ ಚೆಂಡು ನಿನ್ನ ಹಿತ್ತಲಿಗೆ ಬಿದ್ದರೆ ತಲೆ ತಗ್ಗಿಸಿ ತಂತಿಯ ನಡುವೆ ತೂರುತ್ತಾರೆ. ಕೈಗೆ ಬಿದ್ದ ಏಟು ಬೇರೆ, ತಲೆಗೆ ಕುತ್ತಿಗೆಗೆ ಬಿದ್ದ ಏಟು ಬೇರೆ. ತಲೆಗೆ ಬಿದ್ದರೆ ಸರಿಯಾದ ಯಂತ್ರವೂ ಮಗುವನ್ನು ಬೀಳಿಸಬಲ್ಲದು, ಸಿಕ್ಕಿಕೊಂಡರೆ ಪ್ರಾಣಕ್ಕೇ ಕುತ್ತು ತರಬಲ್ಲದು. ಎದೆಯಲ್ಲಿ ಪೇಸ್‌ಮೇಕರ್ ಇಟ್ಟವರು ಆ ತಂತಿಯ ಹತ್ತಿರವೇ ಸುಳಿಯಬಾರದು.

ಅದಕ್ಕೇ ಮೊದಲು ಎಲ್ಲ ಮನೆಗೂ ಹೋಗಿ ಹೇಳು. ಫೋನಿನಲ್ಲಿ ಬೇಡ, ಹೋಗಿ ಕೂತು ಹೇಳು. ಅಜ್ಜಿಗೆ ಬಟ್ಟೆ ಹರವಲು ಎರಡು ಗೂಟ ನೆಟ್ಟು ಹಗ್ಗ ಕಟ್ಟಿಕೊಡು, ಅದು ನಿನ್ನ ಖರ್ಚು. ಝಟ್ಕಾ ತಂತಿಯನ್ನು ಗಡಿಯ ಮೇಲೇ ಎಳೆಯದೆ ಎರಡು ಮೊಳ ನಿನ್ನ ಕಡೆಗೆ ಸರಿಸಿಕೋ, ಹೊರಗೆ ಕರೆಂಟಿಲ್ಲದ ಮಾಮೂಲಿ ಬೇಲಿ ಇರಲಿ. ಎರಡು ಮೊಳ ನೆಲ ಹೋಯಿತೆಂದು ಲೆಕ್ಕ ಹಾಕಬೇಡ. ಹಳದಿ ತಗಡಿನ ಮೇಲೆ ಕಪ್ಪಕ್ಷರದಲ್ಲಿ ಕನ್ನಡದಲ್ಲೇ ‘ವಿದ್ಯುತ್ ಬೇಲಿ, ಮುಟ್ಟಬೇಡಿ’ ಎಂದು ಬರೆಸಿ ದಾರಿಯುದ್ದಕ್ಕೂ ಕಟ್ಟು. ಓದು ಬಾರದವರಿಗೆ ಮಿಂಚಿನ ಚಿತ್ರ ಹಾಕಿಸು. ಬೇಸಗೆಯಲ್ಲಿ ಕುರಿಮಂದೆ ತರುಬಲು ದೂರದ ಸೀಮೆಯಿಂದ ಬರುವವರು ನಿನ್ನ ಬೋರ್ಡನ್ನು ಕತ್ತಲಲ್ಲಿ ಕಾಣುವುದಿಲ್ಲ, ಅವರು ಬಂದ ಸಂಜೆಯೇ ಹೋಗಿ ತಂತಿ ತೋರಿಸಿ ಬಾ. ಸ್ವಿಚ್ಚು ಎಲ್ಲಿದೆ ಎಂಬುದು ಅಕ್ಕಪಕ್ಕದ ಮನೆಯಲ್ಲಿ ಒಬ್ಬೊಬ್ಬರಿಗಾದರೂ ಗೊತ್ತಿರಲಿ, ನೀನು ಊರಲ್ಲಿಲ್ಲದಾಗ ಯಾರೋ ಸಿಕ್ಕಿಕೊಂಡರೆ ಆರಿಸುವವರು ಅವರೇ.

ಎಲ್ಲಾದರೂ, ಯಾರ ಬೇಲಿಯಲ್ಲಾದರೂ, ಯಾರಾದರೂ ತಂತಿಗೆ ಅಂಟಿಕೊಂಡಿರುವುದು ಕಂಡರೆ ಓಡಿಹೋಗಿ ಹಿಡಿಯಬೇಡ. ಆ ಹುಡುಗ ಹೋದದ್ದು ಹಾಗೇ. ಮೊದಲು ಮೇನ್ ಸ್ವಿಚ್ ಆರಿಸು. ಸ್ವಿಚ್ಚು ಸಿಗದಿದ್ದರೆ ಒಣ ನೆಲದಲ್ಲಿ ನಿಂತು ಒಣ ಬಿದಿರಿನಿಂದ ತಂತಿಯನ್ನು ತಳ್ಳು. ಹಸಿ ಕೋಲು ಬೇಡ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈ ಊರಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಒತ್ತುತ್ತಲೇ ಇರು, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಲೈನ್ ತುಂಡಾಗಿ ಬಿದ್ದಿದ್ದರೆ ಚೆಸ್ಕಾಂನ 1912. ಕಾಡುಪ್ರಾಣಿ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಯ 1926.

ಕಾನೂನನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದವರೆಗೆ ಸೆರೆ. ಕಂಬಕ್ಕೆ ಕೊಕ್ಕೆ ಹಾಕಿದ್ದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಕಳ್ಳತನವೂ ಸೇರುತ್ತದೆ. ಚಿರತೆಯೋ ಕರಡಿಯೋ ಸತ್ತರೆ 1972ರ ವನ್ಯಜೀವಿ ಕಾಯ್ದೆ ಬೇರೆ. ಸೋಲಾರ್ ಬೇಲಿಗೆ ಸಹಾಯಧನ ಸಿಗುತ್ತದೆಯೇ ಎಂದು ಅರಸೀಕೆರೆಯ ರೇಂಜ್ ಆಫೀಸಿನಲ್ಲಿ ವಿಚಾರಿಸು, ಸಾಲ ಮಾಡುವ ಮುಂಚೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಹಳೆಯ ಟೆಸ್ಟರು, ಮೀಟರು ತರುತ್ತೇನೆ. ಅಲ್ಲಿಯತನಕ ತಂತಿ ಎಳೆದಿಟ್ಟುಕೋ, ಕಂಬ ನೆಡು, ಇನ್ಸುಲೇಟರ್ ಕಟ್ಟು. ಯಂತ್ರ ಮಾತ್ರ ಡಬ್ಬದಲ್ಲೇ ಇರಲಿ. ಅಜ್ಜಿಯ ಬಟ್ಟೆ ಹಗ್ಗ ಕಟ್ಟಿದ ಮೇಲೆ ನಾವಿಬ್ಬರೂ ನಿಂತು ಸ್ವಿಚ್ ಹಾಕೋಣ.

ನಿನ್ನ ದೊಡ್ಡಪ್ಪ